ಬ್ಯಾಡಗಿ ಮೆಣಸಿನಕಾಯಿಯನ್ನು ಯಂತ್ರಕ್ಕೆ ವಿವರಿಸುವುದು ಹೇಗೆ? ಎಐ ಚಿತ್ರಗಳ ಪ್ರಾಂಪ್ಟ್ ಸಲಕರಣೆಗಳ ಬಳಕೆ

ಗದಗಿನ ಒಂದು ಮುದ್ರಣಾಲಯದಲ್ಲಿ ನಾನು ಲೇಬಲ್, ಲಗ್ನಪತ್ರಿಕೆ ಮತ್ತು ಕ್ಯಾಲೆಂಡರ್‌ಗಳ ವಿನ್ಯಾಸ ಮಾಡುತ್ತೇನೆ. ಈಚೆಗೆ ಬಹಳಷ್ಟು ಗ್ರಾಹಕರು ಚಿತ್ರವನ್ನು ತಾವೇ ಎಐ ಸಲಕರಣೆಯಿಂದ ಬರೆಸಿ, ಮೊಬೈಲ್‌ನಲ್ಲಿಟ್ಟುಕೊಂಡು ಬರುತ್ತಾರೆ. ಹಾವೇರಿ ಜಿಲ್ಲೆಯ ಒಂದು ಮಹಿಳಾ ಸ್ವಸಹಾಯ ಸಂಘದವರು ಬ್ಯಾಡಗಿ ಮೆಣಸಿನಪುಡಿಯ ಪೊಟ್ಟಣಕ್ಕೆಂದು ತಂದ ಚಿತ್ರದಲ್ಲಿ, ಎಣ್ಣೆ ಸವರಿದಂತೆ ಮಿರುಗುವ ನುಣುಪಾದ ಮೆಣಸಿನಕಾಯಿಗಳ ನಡುವೆ ಕನ್ನಡಿ ಕೂರಿಸಿದ ಘಾಗ್ರಾ ತೊಟ್ಟ ಹೆಣ್ಣುಮಗಳೊಬ್ಬಳು ಮೇಜಿನ ಮುಂದೆ ನಿಂತಿದ್ದಳು. ಮೆಣಸಿನಕಾಯಿಯೂ ಬ್ಯಾಡಗಿಯದಲ್ಲ, ಹೆಣ್ಣುಮಗಳೂ ನಮ್ಮ ಕಡೆಯವಳಲ್ಲ. ಚಿತ್ರ ಹೇಗಿರಬೇಕೆಂದು ಯಂತ್ರಕ್ಕೆ ಬರೆದುಕೊಡುವ ಸೂಚನೆಯೇ ಪ್ರಾಂಪ್ಟ್. ಅವರು ಆ ಸೂಚನೆಯನ್ನು ತಯಾರಿಸಿಕೊಡುವ ಪ್ರಾಂಪ್ಟ್ ಜನರೇಟರ್ ಒಂದಕ್ಕೆ ಎರಡೇ ಪದ ಕೊಟ್ಟು, ಅದು ಹಿಗ್ಗಿಸಿ ಕೊಟ್ಟ ಆರು ಸಾಲುಗಳನ್ನು ಓದದೆಯೇ ಅಂಟಿಸಿದ್ದರು. ಇಂಥ ಸಲಕರಣೆಗಳು ನಿಜಕ್ಕೂ ಉಪಯುಕ್ತ. ಆದರೆ ಯಾವುದನ್ನು ಯಾವ ಹಂತದಲ್ಲಿ ಕೈಗೆತ್ತಿಕೊಳ್ಳಬೇಕೆಂಬುದು ತಿಳಿದಿರಬೇಕು. ಆ ಪೊಟ್ಟಣದ ಚಿತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಹಂತ 1. ಚಿತ್ರದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಎಲ್ಲಿದ್ದಾರೆ, ಬೆಳಕು ಯಾವ ಹೊತ್ತಿನದು, ಹೆಸರು ಮುದ್ರಿಸಲು ಖಾಲಿ ಜಾಗ ಯಾವ ಕಡೆ ಬೇಕು ಎಂಬುದನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆಯಿರಿ.

ಹಂತ 2. ನಿಮ್ಮಲ್ಲಿರುವ ಒಂದು ನಿಜವಾದ ಫೋಟೊವನ್ನು ಯಂತ್ರಕ್ಕೆ ತೋರಿಸಿ, ಅದು ಏನೆಂದು ಓದುತ್ತದೆ ನೋಡಿ. ಮಿಡ್‌ಜರ್ನಿ ಎಂಬ ಎಐ ಚಿತ್ರ ಸೇವೆಯಲ್ಲಿ ಇದಕ್ಕೆ ‘ಡಿಸ್ಕ್ರೈಬ್’ ಎಂಬ ಆಜ್ಞೆ 2023ರಿಂದ ಇದೆ. ಒಂದು ಚಿತ್ರ ಕೊಟ್ಟರೆ ಅದು ನಾಲ್ಕು ಬಗೆಯ ವಿವರಣೆಗಳನ್ನು ಕೊಡುತ್ತದೆ. ಸ್ಟೇಬಲ್ ಡಿಫ್ಯೂಷನ್ ಎಂಬ ಇನ್ನೊಂದು ಎಐ ಚಿತ್ರಮಾದರಿಯನ್ನು ಬಳಸುವವರಿಗೆ ಕ್ಲಿಪ್ ಇಂಟರಾಗೇಟರ್ ಎಂಬ ಉಚಿತ ಸಲಕರಣೆಯಿದೆ. ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲಿ ತೆಗೆದ ಫೋಟೊವನ್ನು ಹೀಗೆ ಓದಿಸಿದಾಗ ನನಗೆ ಸಿಕ್ಕಿದ್ದು ‘ಕೆಂಪು ಮೆಣಸಿನಕಾಯಿಯ ರಾಶಿಯ ಬಳಿ ಕುಳಿತ ಮಹಿಳೆ’ ಎಂಬಷ್ಟೇ ಅರ್ಥದ ಸಾಲು. ಕಾಯಿಯ ಸುಕ್ಕು, ಸೀರೆಯ ಸೆರಗು, ಕೈಯಲ್ಲಿ ನಡೆಯುತ್ತಿದ್ದ ತೊಟ್ಟು ಬಿಡಿಸುವ ಕೆಲಸ, ಇವು ಯಾವುವೂ ಅದರಲ್ಲಿರಲಿಲ್ಲ. ಯಂತ್ರವು ಬಿಟ್ಟದ್ದನ್ನೆಲ್ಲ ಪಟ್ಟಿ ಮಾಡಿ ಇಟ್ಟುಕೊಳ್ಳಿ, ಏಕೆಂದರೆ ಮುಂದಿನ ಹಂತದಲ್ಲಿ ನೀವು ಪದಗಳಿಂದ ತುಂಬಬೇಕಾದದ್ದು ಅದನ್ನೇ. ಇಂಟರಾಗೇಟರ್ ತನ್ನಲ್ಲಿರುವ ಪಟ್ಟಿಗಳಿಂದ ಕಲಾವಿದರ ಹೆಸರುಗಳನ್ನೂ ಆರಿಸಿ ವಿವರಣೆಯ ಬಾಲಕ್ಕೆ ಕಟ್ಟುತ್ತದೆ. ಅವನ್ನು ಅಳಿಸಿಹಾಕಿ. ಬದುಕಿರುವ ಕಲಾವಿದರ ಶೈಲಿಯನ್ನು ಅವರ ಅನುಮತಿಯಿಲ್ಲದೆ ಮಾರಾಟದ ಪೊಟ್ಟಣಕ್ಕೆ ಬಳಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 3. ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ನಮ್ಮ ಊರಿನ ವಸ್ತುವಿನ ಹೆಸರು ಯಂತ್ರಕ್ಕೆ ಗೊತ್ತಿರುವ ಸಂಭವ ಕಡಿಮೆ, ಆದರೆ ಅದರ ಆಕಾರ, ಬಣ್ಣ, ಮೇಲ್ಮೈಗಳನ್ನು ಹೇಳುವ ಪದಗಳು ಅದಕ್ಕೆ ಗೊತ್ತು. ಹೀಗಾಗಿ ಹೆಸರನ್ನು ಬಿಡಿಸಿ ಲಕ್ಷಣಗಳಾಗಿ ಬರೆಯಬೇಕು. ಬ್ಯಾಡಗಿ ಎಂದು ಬರೆದರೆ ಬರುವುದು ಯಾವುದೋ ಒಂದು ಮೆಣಸಿನಕಾಯಿ. ಒಣಗಿದ, ಉದ್ದವಾದ, ತೆಳ್ಳಗಿನ, ಮೈತುಂಬ ಆಳವಾದ ಸುಕ್ಕುಗಳಿರುವ, ಹೊಳಪಿಲ್ಲದ ಕಡುಗೆಂಪು ಕಾಯಿ ಎಂದು ಬರೆದರೆ ಬರುವುದು ಬಹುಮಟ್ಟಿಗೆ ಬ್ಯಾಡಗಿಯ ಒಂದು ಬಗೆಯಾದ ಕಡ್ಡಿ ಕಾಯಿ. ಇನ್ನೊಂದು ಬಗೆಯಾದ ಡಬ್ಬಿ ಕಾಯಿ ಬೇಕಾದರೆ ‘ಉದ್ದವಾದ, ತೆಳ್ಳಗಿನ’ ಎಂಬುದನ್ನು ತೆಗೆದು ‘ಗಿಡ್ಡನೆಯ, ಉಬ್ಬಿದ’ ಎಂದು ಹಾಕಿ. ‘ಹೊಳಪಿಲ್ಲದ’ ಎಂಬ ಪದವನ್ನು ಎಂದೂ ಬಿಡಬೇಡಿ. ಅದಿಲ್ಲದಿದ್ದರೆ ಯಂತ್ರವು ಒಣ ಕಾಯಿಯನ್ನೂ ಹಸಿ ಕಾಯಿಯಂತೆ ಮಿರುಗಿಸುತ್ತದೆ.

ಸೀರೆಯ ವಿಷಯ ಇನ್ನೂ ಸೂಕ್ಷ್ಮ. ಬರೀ ಸೀರೆ ಎಂದರೆ ಯಂತ್ರವು ಜರಿ ಅಂಚಿನ, ಮದುವೆಮನೆಯ ರೇಷ್ಮೆ ಸೀರೆಯನ್ನೇ ಉಡಿಸುತ್ತದೆ. ಇಳಕಲ್ ಸೀರೆ ಬೇಕಾದರೆ ಒಡಲಿನ ಬಣ್ಣವನ್ನೂ ಬಟ್ಟೆ ಹತ್ತಿಯದೆಂಬುದನ್ನೂ ಮೊದಲು ಹೇಳಿ, ಬಳಿಕ ಕೆಂಪು ಸೆರಗು, ಅದರ ಮೇಲೆ ಕೋಟೆಯ ತೆನೆಯಂತೆ ಸಾಲಾಗಿ ನಿಂತ ಬಿಳಿ ಮೊನೆಗಳು, ಅಗಲವಾದ ಕೆಂಪು ದಡಿ ಎಂದು ಬಿಡಿಬಿಡಿಯಾಗಿ ಬರೆಯಿರಿ. ಸೆರಗು ತಲೆಯ ಮೇಲೆ ಹೊದ್ದದ್ದೋ ಹೆಗಲ ಮೇಲಿನದೋ ಎಂಬುದನ್ನೂ ಹೇಳಲೇಬೇಕು. ಖಣದ ಕುಪ್ಪಸಕ್ಕೆ ‘ಚಿಕ್ಕ ಚಿಕ್ಕ ನೇಯ್ದ ಹೂಬಳ್ಳಿಗಳಿರುವ, ಅಂಚುಳ್ಳ ಕುಪ್ಪಸ’ ಎಂಬ ವಿವರ ಸಾಕು. ಕಸೂತಿಯ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆಗಳಲ್ಲಿ ಎಳೆ ಎಣಿಸಿ ಹಾಕುವ ಆ ಕೆಲಸವನ್ನು ಯಾವ ಪ್ರಾಂಪ್ಟ್‌ನಿಂದಲೂ ಸರಿಯಾಗಿ ಬರಿಸಲು ನನಗೆ ಸಾಧ್ಯವಾಗಿಲ್ಲ. ಯಂತ್ರದ ಕಸೂತಿ ದೂರದಿಂದ ಚೆಂದ ಕಂಡರೂ ಹತ್ತಿರದಿಂದ ಗೋಪುರವೂ ಅಲ್ಲ, ರಥವೂ ಅಲ್ಲ. ಧಾರವಾಡದ ಯಾವ ಹೆಣ್ಣುಮಗಳಾದರೂ ಅದನ್ನು ಒಂದೇ ನೋಟಕ್ಕೆ ಗುರುತಿಸುತ್ತಾಳೆ. ಕಸೂತಿ ಬೇಕಿದ್ದರೆ ನಿಜವಾದ ಬಟ್ಟೆಯ ಫೋಟೊ ಬಳಸಿ.

‘ಸಾಂಪ್ರದಾಯಿಕ’, ‘ಗ್ರಾಮೀಣ’, ‘ಸುಂದರ’ ಎಂಬ ಪದಗಳನ್ನು ದೂರವಿಡಿ. ಸಂಘದವರ ಚಿತ್ರದಲ್ಲಿ ಘಾಗ್ರಾ ಬಂದದ್ದು ‘ಸಾಂಪ್ರದಾಯಿಕ ಭಾರತೀಯ ಮಹಿಳೆ’ ಎಂಬ ಸಾಲಿನಿಂದ. ಆ ಸಾಲನ್ನು ಕೊಟ್ಟದ್ದು ಜನರೇಟರ್. ಅಂತರ್ಜಾಲದಲ್ಲಿ ‘ಸಾವಿರ ಸಿದ್ಧ ಪ್ರಾಂಪ್ಟ್’ ಎಂದು ಹಣಕ್ಕೆ ಮಾರುವ ಪಿಡಿಎಫ್‌ಗಳಲ್ಲಿಯೂ ಇಂಥವೇ ಸಾಲುಗಳು ತುಂಬಿರುತ್ತವೆ. ದಯವಿಟ್ಟು ಅವುಗಳಿಗೆ ದುಡ್ಡು ಕೊಡಬೇಡಿ. ಮ್ಯಾಜಿಕ್‌ಪ್ರಾಂಪ್ಟ್‌ನಂಥ ಹಿಗ್ಗಿಸುವ ಸಲಕರಣೆಗಳೂ ಫೂಕಸ್ ಎಂಬ ಚಿತ್ರ ಬರೆಸುವ ತಂತ್ರಾಂಶದೊಳಗಿನ ಪ್ರಾಂಪ್ಟ್ ವಿಸ್ತರಣೆಯೂ ಜಿಪಿಟಿ-2 ಎಂಬ ಹಳೆಯ ಭಾಷಾಮಾದರಿಯನ್ನು ಆಧರಿಸಿದವು. ಬೆಳಕು, ಕ್ಯಾಮೆರಾ ಕೋನಗಳ ಬಗ್ಗೆ ಅವುಗಳಿಂದ ಒಳ್ಳೆಯ ಪದಗಳು ಸಿಗುತ್ತವೆ. ವಸ್ತುವಿನ ಬಗ್ಗೆ ಮಾತ್ರ ಅವುಗಳನ್ನು ಕೇಳಬೇಡಿ.

ಹಂತ 4. ಬರೆದದ್ದನ್ನು ಇಂಗ್ಲಿಷಿಗೆ ತನ್ನಿ. ಸ್ಟೇಬಲ್ ಡಿಫ್ಯೂಷನ್‌ನ ಪಠ್ಯ ಓದುವ ಭಾಗ ಕಲಿತದ್ದು ಹೆಚ್ಚಾಗಿ ಇಂಗ್ಲಿಷ್ ವಿವರಣೆಗಳಿಂದ. ಅದು ಒಮ್ಮೆಗೆ ಓದುವುದು 77 ಟೋಕನ್‌ಗಳನ್ನು, ಅಂದರೆ ಪದಗಳನ್ನು ಅಥವಾ ಪದದ ತುಣುಕುಗಳನ್ನು. ಆದಿ ಅಂತ್ಯದ ಗುರುತುಗಳನ್ನು ಕಳೆದರೆ ನಿಮಗೆ ಉಳಿಯುವುದು 75. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಕಡತದಲ್ಲಿ 3 ಬೈಟ್ ಹಿಡಿಯುವುದರಿಂದ ‘ಬ್ಯಾಡಗಿ’ ಎಂಬ ಚಿಕ್ಕ ಪದವೇ 21 ಬೈಟ್ ಆಗಿ ಚೂರುಚೂರಾಗುತ್ತದೆ. ಜಾಗ ತುಂಬುತ್ತದೆ, ಅರ್ಥ ಮಾತ್ರ ತಲುಪುವುದಿಲ್ಲ. ಆಟೊಮ್ಯಾಟಿಕ್1111 ಎಂಬ, ಸ್ಟೇಬಲ್ ಡಿಫ್ಯೂಷನ್ ನಡೆಸುವ ಉಚಿತ ತಂತ್ರಾಂಶದಲ್ಲಿ ಪ್ರಾಂಪ್ಟ್ ಪೆಟ್ಟಿಗೆಯ ಮೂಲೆಯಲ್ಲಿ ಟೋಕನ್ ಎಣಿಕೆ ಕಾಣುತ್ತದೆ. ಅದು 75 ದಾಟಿದರೆ ಉಳಿದದ್ದನ್ನು ಇನ್ನೊಂದು ಕಂತಾಗಿ ಓದಲಾಗುತ್ತದೆ, ಆದ್ದರಿಂದ ಮುಖ್ಯವಾದದ್ದನ್ನು ಮೊದಲು ಬರೆಯಿರಿ. ಚಾಟ್‌ಜಿಪಿಟಿಯಂಥವು ಕನ್ನಡವನ್ನೇ ತೆಗೆದುಕೊಳ್ಳುತ್ತವೆ ನಿಜ, ಆದರೆ ಅವು ನಿಮ್ಮ ಮಾತನ್ನು ತಾವೇ ತಿದ್ದಿ ಬರೆದುಕೊಳ್ಳಬಹುದು. ಹಾಗೆ ಬರೆದುಕೊಂಡ ಇಂಗ್ಲಿಷ್ ಪ್ರಾಂಪ್ಟನ್ನು ತೋರಿಸೆಂದು ಕೇಳಿ ಓದಿ ನೋಡದೆ ಒಪ್ಪಬೇಡಿ.

ಹಂತ 5. ಬೇಡವಾದದ್ದನ್ನು ಮುಖ್ಯ ಪ್ರಾಂಪ್ಟ್‌ನಲ್ಲಿ ಬರೆಯಬಾರದು. ‘ಮೇಜು ಬೇಡ’ ಎಂದು ಬರೆದರೆ ಮೇಜು ಬರುವ ಸಂಭವವೇ ಹೆಚ್ಚು. ಅದಕ್ಕಾಗಿ ನೆಗೆಟಿವ್ ಪ್ರಾಂಪ್ಟ್ ಎಂಬ ಬೇರೆ ಪೆಟ್ಟಿಗೆಯಿದೆ. 2024ರಲ್ಲಿ ಬಂದ ಫ್ಲಕ್ಸ್ ಎಂಬ ಚಿತ್ರಮಾದರಿಗಳ ಸಾಮಾನ್ಯ ಬಳಕೆಯಲ್ಲಿ ಆ ಸೌಲಭ್ಯವಿಲ್ಲದಿರುವುದರಿಂದ ‘ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ’ ಎಂದು ಬೇಕಾದದ್ದನ್ನೇ ಹೇಳುವ ಅಭ್ಯಾಸ ಒಳ್ಳೆಯದು. ಒಂದು ಲಕ್ಷಣಕ್ಕೆ ಒತ್ತು ಬೇಕಾದರೆ ಆಟೊಮ್ಯಾಟಿಕ್1111ನಲ್ಲಿ ಆ ಪದವನ್ನು ಕಂಸದಲ್ಲಿಟ್ಟು, ಕಂಸದೊಳಗೇ ಪದದ ಮುಂದೆ ವಿವರಣಚಿಹ್ನೆ (:) ಹಾಕಿ, 1.2 ಎಂಬಂತೆ ಅಂಕಿ ಬರೆಯುತ್ತಾರೆ. ನಾನು 1.3 ದಾಟುವುದಿಲ್ಲ, ಏಕೆಂದರೆ ಅದಕ್ಕೂ ಮೇಲೆ ಹೋದರೆ ಬಣ್ಣಗಳು ಸುಟ್ಟಂತಾಗುತ್ತವೆ.

ಹಂತ 6. ಪ್ರಾಂಪ್ಟ್ ತಿದ್ದುವಾಗ ಸೀಡ್ ಸಂಖ್ಯೆಯನ್ನು, ಅಂದರೆ ಯಂತ್ರವು ಚಿತ್ರವನ್ನು ಯಾವ ಆರಂಭದಿಂದ ಬರೆಯಬೇಕೆಂದು ನಿರ್ಧರಿಸುವ ಸಂಖ್ಯೆಯನ್ನು, ಕಟ್ಟಿಹಾಕಿ. ಸೀಡ್ ಪೆಟ್ಟಿಗೆಯಲ್ಲಿ -1 ಇದ್ದರೆ ಪ್ರತಿ ಬಾರಿಯೂ ಹೊಸ ಚಿತ್ರವೇ ಬರುತ್ತದೆ, ಆಗ ಬದಲಾವಣೆ ನಿಮ್ಮ ಪದದಿಂದ ಆಯಿತೋ ಯಂತ್ರದ ಆಯ್ಕೆಯಿಂದ ಆಯಿತೋ ತಿಳಿಯುವುದಿಲ್ಲ. ನಾಲ್ಕು ಪದಗಳನ್ನು ಒಟ್ಟಿಗೆ ಬದಲಿಸಿ, ಚಿತ್ರ ಕೆಟ್ಟಿತೆಂದು ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವವರನ್ನು ನಾನು ದಿನವೂ ನೋಡುತ್ತೇನೆ. ಬದಲಾಗಿ ಆಟೊಮ್ಯಾಟಿಕ್1111 ತಂತ್ರಾಂಶದ ‘ಎಕ್ಸ್/ವೈ/ಝಡ್ ಪ್ಲಾಟ್’ ತೆರೆದು, ‘ಪ್ರಾಂಪ್ಟ್ ಎಸ್/ಆರ್’ ಆರಿಸಿ, ಹೋಲಿಸಬೇಕಾದ ಪದಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಬರೆಯಿರಿ. ಪಟ್ಟಿಯ ಮೊದಲ ಪದ ಪ್ರಾಂಪ್ಟ್‌ನಲ್ಲಿ ಅಕ್ಷರಶಃ ಇರಬೇಕು. ತಂತ್ರಾಂಶವು ಆ ಪದವನ್ನು ಹುಡುಕಿ, ಅದರ ಸ್ಥಾನದಲ್ಲಿ ಉಳಿದವನ್ನು ಒಂದೊಂದಾಗಿ ಇಟ್ಟು, ಎಲ್ಲ ಚಿತ್ರಗಳನ್ನೂ ಒಂದೇ ಹಾಳೆಯಲ್ಲಿ ಜೋಡಿಸಿಕೊಡುತ್ತದೆ. ಪ್ರಾಂಪ್ಟ್‌ನಲ್ಲಿ ‘ರಿಂಕಲ್ಡ್’ ಎಂದಿದ್ದು ಪಟ್ಟಿಯ ಮೊದಲಿಗೆ ‘ರಿಂಕಲ್’ ಎಂದು ಬರೆದರೆ ಪದದ ತುದಿ ಉಳಿದುಕೊಂಡು ಮುಂದಿನ ಪದಕ್ಕೆ ಅಂಟುತ್ತದೆ. ಈ ಒಂದು ತಪ್ಪನ್ನು ಹುಡುಕಲು ನಾನು ಒಮ್ಮೆ ಅರ್ಧ ದಿನ ಕಳೆದಿದ್ದೇನೆ.

ಅಕ್ಷರಗಳನ್ನು ಯಂತ್ರದಿಂದ ಬರೆಸಬೇಡಿ. ಒತ್ತಕ್ಷರಗಳು ಹಲವು ಬಾರಿ ಹಾಳಾಗುತ್ತವೆ. ಪೊಟ್ಟಣದ ಮೇಲಿನ ಹೆಸರನ್ನು ಇಂಕ್‌ಸ್ಕೇಪ್‌ನಂಥ ತಂತ್ರಾಂಶದಲ್ಲಿ ಯೂನಿಕೋಡ್ ಅಕ್ಷರಶೈಲಿಯಿಂದ ಕೂರಿಸಿ.

ಹಂತ 7. ಚಿತ್ರವನ್ನು ಪಿಎನ್‌ಜಿ ಆಗಿಯೇ ಉಳಿಸಿ. ಆಟೊಮ್ಯಾಟಿಕ್1111 ಆ ಕಡತದೊಳಗೇ ಪ್ರಾಂಪ್ಟ್, ಸೀಡ್ ಮತ್ತು ಇತರ ಅಳತೆಗಳನ್ನು ಬರೆದಿಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಈ ಬರಹ ಅಳಿಸಿಹೋಗಿ ಚಿತ್ರವೂ ಕುಗ್ಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಎಂದು ಕಳಿಸಿ. 1024 ಚುಕ್ಕಿ ಅಗಲದ ಚಿತ್ರ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಮುದ್ರಣದಲ್ಲಿ ಸುಮಾರು 8.7 ಸೆಂ.ಮೀ. ಆಗುತ್ತದೆ, ಚಿಕ್ಕ ಪೊಟ್ಟಣಕ್ಕೆ ಅಷ್ಟು ಸಾಕು. ಮುಂದೆ ಅದೇ ಸಂಘದವರು ಡಬ್ಬಿ ಕಾಯಿಯ ಪುಡಿಗೂ ಲೇಬಲ್ ಕೇಳಿದರೆ, ಆ ಪಿಎನ್‌ಜಿಯನ್ನು ‘ಪಿಎನ್‌ಜಿ ಇನ್ಫೊ’ ಪುಟಕ್ಕೆ ಎಳೆದು ಹಾಕಿ, ಹಳೆಯ ಪ್ರಾಂಪ್ಟನ್ನು ಮರಳಿ ತಂದು, ಕಾಯಿಯ ಆಕಾರ ಹೇಳುವ ಎರಡು ಪದಗಳನ್ನು ಬದಲಿಸಿ.