ನೇಪಾಳಕ್ಕೆ ಹುಡುಗರನ್ನು ಕರೆದೊಯ್ಯುವ ಮೊದಲು ನಾವೇ ಹೋಗಿ ನೋಡಿ ಬಂದದ್ದು

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಚರ್ಚಿನ ಯುವಜನರ ಗುಂಪನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ವರ್ಷಕ್ಕೊಮ್ಮೆ ಹುಡುಗರನ್ನು ತೀರ್ಥಹಳ್ಳಿ, ಹೊಸನಗರದ ಕಡೆ ಯಾವುದಾದರೂ ಹಳ್ಳಿಗೆ ಸೇವೆಗೆ ಅಂತ ಕರೆದುಕೊಂಡು ಹೋಗುತ್ತೇವೆ. ಈ ಸಲ ನೇಪಾಳಕ್ಕೆ ಹೋಗೋಣ ಅಂತ ಯಾರೋ ಅಂದರು. ಮೂವತ್ತು ಕೈ ಮೇಲೆದ್ದವು. ಮೊದಲು ನಾವು ದೊಡ್ಡವರು ಹೋಗಿ ನೋಡಿ ಬರುತ್ತೇವೆ ಅಂದೆ. ಹೆಣ್ಣು ನೋಡದೆ ಲಗ್ನಪತ್ರಿಕೆ ಬರೆಸೋಕಾಗುತ್ತಾ?

2023ರ ನವೆಂಬರ್ ಕೊನೆಯಲ್ಲಿ ನಾನು, ನಮ್ಮ ಚರ್ಚಿನ ಒಬ್ಬ ನರ್ಸ್ ಅಕ್ಕ, ಅವರ ಯಜಮಾನರು ಹೊರಟೆವು. ನಮಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗೋದಾದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕೇ ಬೇಕು, ಆಧಾರ್ ನಡೆಯಲ್ಲ. ನಮ್ಮ ಹುಡುಗರಿಗೆ ಈಗ ತಾನೇ ಹದಿನೆಂಟು ತುಂಬಿದೆ, ಕೈಯಲ್ಲಿರೋದು ಆಧಾರ್ ಒಂದೇ. ಇದು ಸಣ್ಣ ವಿಷಯ ಅನಿಸುತ್ತೆ. ಆಮೇಲೆ ಕಾಡಿದ್ದು ಇದೇ.

ದಿನಗಳ ಲೆಕ್ಕದಲ್ಲಿ ಮೊದಲ ಪೆಟ್ಟು ಬಿತ್ತು. ಶನಿವಾರ ಎರಡು ಕಡೆ ಭೇಟಿ, ಭಾನುವಾರ ಆರಾಧನೆ ಅಂತ ನಾನು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅಲ್ಲಿ ವಾರದ ರಜೆ ಶನಿವಾರ. ಚರ್ಚೂ ಶನಿವಾರವೇ. ಭಾನುವಾರ ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದರು. ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡು ಚರ್ಚಿಗೆ ಹೋದೆವು. ಬಾಗಿಲಲ್ಲಿ ಚಪ್ಪಲಿ ರಾಶಿ, ಒಳಗೆ ಚಾಪೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹಾಡಿಗೆ ಮಾದಲ್ ಅನ್ನೋ ಡೋಲು ಬಾರಿಸುತ್ತಾರೆ, ಎದುರಿಗೆ ಬಂದವರೆಲ್ಲ ಕೈಮುಗಿದು ‘ಜಯ್ ಮಸೀಹ್’, ಅಂದರೆ ಕ್ರಿಸ್ತನಿಗೆ ಜಯ, ಅನ್ನುತ್ತಾರೆ. 2015ರ ಏಪ್ರಿಲ್ 25ರ ಭೂಕಂಪ ಆದದ್ದೂ ಶನಿವಾರ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಎಷ್ಟೋ ಕಡೆ ಜನ ಚರ್ಚಿನೊಳಗೇ ಇದ್ದರು. ಇದನ್ನು ಹೇಳಿದ ಹಿರಿಯರು ಮಾತಿನ ಮಧ್ಯೆ ಒಮ್ಮೆ ತಲೆಯೆತ್ತಿ ಸೂರು ನೋಡಿದರು. ನಾನೂ ನೋಡಿದೆ.

ಕಠ್ಮಂಡುವಿನ ದಕ್ಷಿಣಕ್ಕೆ ಲೇಲೆ ಅಂತ ಊರಿದೆ. ಅಲ್ಲಿ ಲೆಪ್ರಸಿ ಮಿಷನ್ನಿನವರ ಆನಂದಬನ ಆಸ್ಪತ್ರೆ ಇದೆ, 1957ರಿಂದ ನಡೆಯುತ್ತಿದೆ. ಕುಷ್ಠದಲ್ಲಿ ನರ ಸತ್ತ ಮೇಲೆ ಪಾದಕ್ಕೆ ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯ ಆಗುತ್ತೆ, ಗಾಯದ ಮೇಲೆ ನಡೆಯುತ್ತಾರೆ, ಬೆರಳು ಹೋಗುತ್ತೆ. ಅದಕ್ಕೇ ದಿನಾ ಕಾಲು ನೆನೆಹಾಕಿ, ಒಣಚರ್ಮ ಉಜ್ಜಿ, ಎಣ್ಣೆ ಹಚ್ಚಿ, ಮೆತ್ತಗಿನ ಚಪ್ಪಲಿ ಹಾಕೋದನ್ನು ಕಲಿಸಬೇಕು. ನಮ್ಮ ನರ್ಸ್ ಅಕ್ಕ ವಾಪಸ್ ಬರುವಾಗ ಅಂದರು: ‘ಮೇಷ್ಟ್ರೇ, ನಮ್ಮ ಹುಡುಗರು ಒಂದು ವಾರದಲ್ಲಿ ಇಲ್ಲಿ ಏನು ಮಾಡ್ತಾರೆ? ದಾರಿಗೆ ಅಡ್ಡ ನಿಲ್ತಾರೆ ಅಷ್ಟೇ.’ ನನಗೂ ಹಾಗೇ ಅನಿಸಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

ಅಲ್ಲಿಂದ ಪಶ್ಚಿಮಕ್ಕೆ, ತಾನ್‌ಸೇನ್ ಅನ್ನೋ ಊರಿನ ಕಡೆ. ಅಲ್ಲಿನ ಮಿಷನ್ ಆಸ್ಪತ್ರೆ 1954ರಲ್ಲಿ ಶುರುವಾದದ್ದು. ಬಸ್ಸು ಏರುವ ತಿರುವುಗಳನ್ನು ನೋಡಿ ಆಗುಂಬೆ ಘಾಟಿಗೆ ಬಂದ ಹಾಗಾಯಿತು, ಮಂಜೂ ಹಾಗೇ ಇಳಿಯುತ್ತಿತ್ತು.

ನಮ್ಮ ಯೋಚನೆ ತಿರುಗಿದ್ದು ಮಾತ್ರ ಗುಡ್ಡದ ಇನ್ನೊಂದು ಸಣ್ಣ ಜಾಗದಲ್ಲಿ. ಹೆಸರು ಬೇಡ. ಒಂದು ಶಾಲೆ, ಪಕ್ಕದಲ್ಲಿ ಎರಡು ಕೋಣೆಯ ಕ್ಲಿನಿಕ್. ನಾನು ಉತ್ಸಾಹದಿಂದ, ನಮ್ಮ ಹುಡುಗರು ಬಂದು ಶಾಲೆಗೆ ಬಣ್ಣ ಹೊಡೀತಾರೆ ಅಂದೆ. ನಡೆಸುವ ದೀದಿ ಏನೂ ಹೇಳದೆ ಎದ್ದು ಸ್ಟೋರ್ ರೂಮಿನ ಬೀಗ ತೆಗೆದರು. ಒಳಗೆ ಗೋಡೆಯುದ್ದಕ್ಕೂ ಬಣ್ಣದ ಡಬ್ಬಿಗಳು. ಅರ್ಧ ಬಳಸಿದ್ದು, ಕಾಲು ಬಳಸಿದ್ದು, ಮೇಲೆ ಕೆನೆಗಟ್ಟಿ ಒಣಗಿದ್ದು. ಒಂದರ ಮುಚ್ಚಳಕ್ಕೆ ಬ್ರಷ್ ಅಂಟಿಕೊಂಡೇ ಇತ್ತು. ಒಂದು ಗುಂಪು ಹಳದಿ ಹೊಡೆದಿತ್ತಂತೆ. ಮುಂದಿನ ವರ್ಷ ಬಂದವರು ಅದರ ಮೇಲೇ ನೀಲಿ. ಬಂದವರಿಗೆಲ್ಲ ಅಡುಗೆ ಮಾಡಿ ಹಾಕೋಕೆ ಒಬ್ಬ ಟೀಚರ್ ಪಾಠ ಬಿಟ್ಟು ಅಡುಗೆಮನೆಗೆ ಹೋಗಬೇಕಾಗುತ್ತಿತ್ತಂತೆ. ನಮ್ಮ ಕ್ಯಾಂಪುಗಳೂ ನೆನಪಾದವು. ಹೊಸನಗರದ ಕಡೆ ಒಂದು ಶಾಲೆಯ ಕಾಂಪೌಂಡಿಗೆ ನಾವೇ ಎರಡು ಸಲ ಸುಣ್ಣ ಬಳಿದಿದ್ದೇವೆ ಮಾರಾಯ್ರೇ!

ಹಾಗಾದರೆ ನಿಮಗೆ ಬೇಕಾದದ್ದೇನು ಅಂತ ಕೇಳಿದೆ. ಈ ಪ್ರಶ್ನೆಯನ್ನು ಮೂರು ತಿಂಗಳು ಮುಂಚೆಯೇ ಫೋನಿನಲ್ಲಿ ಕೇಳಬೇಕಿತ್ತು. ದೀದಿ ಔಷಧಿ ಸ್ಟಾಕಿನ ರಿಜಿಸ್ಟರ್ ತಂದಿಟ್ಟರು. ನಾಲ್ಕು ವರ್ಷದ್ದು, ಎಲ್ಲಾ ಕೈಬರಹ. ಅದನ್ನು ಕಂಪ್ಯೂಟರಿಗೆ ಹಾಕಿ, ಯಾವ ಮಾತ್ರೆ ಯಾವಾಗ ಮುಗಿಯುತ್ತೆ ಅಂತ ಗೊತ್ತಾಗುವ ಹಾಗೆ ಮಾಡಿಕೊಟ್ಟರೆ ಸಾಕು ಅಂದರು. ದಿನಾಂಕಗಳೆಲ್ಲ ನೇಪಾಳದವರ ವಿಕ್ರಮ ಸಂವತ್ ಕ್ಯಾಲೆಂಡರಿನದ್ದು, ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದೆ; 2080 ಅಂತ ಬರೆದಿದ್ದನ್ನು ನೋಡಿ ನಾನು ಒಂದು ಕ್ಷಣ ತಬ್ಬಿಬ್ಬಾದೆ. ಎಕ್ಸೆಲ್‌ನಲ್ಲಿ ಅದನ್ನು ಸಂಭಾಳಿಸೋದು ಹೇಗೆ ಅಂತ ಅವತ್ತು ರಾತ್ರಿಯೆಲ್ಲ ತಲೆ ಕೊರೆಯಿತು. ಕಾಮರ್ಸ್ ಮೇಷ್ಟ್ರಿಗೆ ಬಹಳ ದಿನದ ಮೇಲೆ ಖುಷಿಯಾದ ರಾತ್ರಿ ಅದು.

ಇನ್ನೆರಡು ಮಾತು ದೀದಿಯೇ ಹೇಳಿದ್ದು. ದಸರಾ ರಜೆಯಲ್ಲಿ ಬರಬೇಡಿ, ಆಗ ಇಲ್ಲಿ ದಶೈಂ ಹಬ್ಬ, ಸ್ಟಾಫೆಲ್ಲ ಊರಿಗೆ ಹೋಗಿರುತ್ತಾರೆ. ಮಳೆಗಾಲ ಬೇಡವೇ ಬೇಡ, ಗುಡ್ಡ ಕುಸಿದು ರಸ್ತೆ ಮುಚ್ಚುತ್ತೆ. ಇನ್ನೊಂದು ವಿಷಯ ನಾವಾಗಿಯೇ ಓದಿಕೊಂಡಿದ್ದೆವು. ನೇಪಾಳದ 2017ರ ದಂಡ ಸಂಹಿತೆಯ ಪ್ರಕಾರ ಮತಾಂತರ ಮಾಡಿಸಿದರೆ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ, ಹೊರದೇಶದವರಾದರೆ ಆಮೇಲೆ ಗಡಿಪಾರು. ನಾವು ಬಂದು ಹೋಗುವವರು, ಅನುಭವಿಸೋರು ಅಲ್ಲಿಯವರು. ಆದ್ದರಿಂದ ಕರಪತ್ರ, ಬೀದಿನಾಟಕ ಎಲ್ಲಾ ಪಟ್ಟಿಯಿಂದ ತೆಗೆದೆವು. ಅನಾಥಾಶ್ರಮದ ಭೇಟಿಯನ್ನೂ ತೆಗೆದೆವು. ಅಂಥ ಕಡೆ ಇರುವ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ವಾರಕ್ಕೊಂದು ಹೊಸ ಗುಂಪು ಬಂದು ಎತ್ತಿಕೊಂಡು ಫೋಟೋ ಹೊಡೆಸಿಕೊಂಡು ಹೋಗೋದು ಆ ಮಕ್ಕಳಿಗೆ ಒಳ್ಳೆಯದಲ್ಲ.

ವಾಪಸ್ ಬಂದು ಸಭೆಯಲ್ಲಿ ವರದಿ ಒಪ್ಪಿಸಿದೆ. ಮೂವತ್ತಲ್ಲ, ಆರು ಜನ. ಒಂದು ವಾರವಲ್ಲ, ಹದಿನೈದು ದಿನ. ಅಡುಗೆ ನಮ್ಮದೇ. ಹಿರಿಯರೊಬ್ಬರಿಗೆ ಬೇಜಾರಾಯಿತು, ಬ್ಯಾನರ್ ಕೂಡ ಬೇಡ್ವಾ ಅಂದರು. ಬೇಡ ಅಂದೆ. ಕೊನೆಯ ವರ್ಷದ ಬಿಕಾಂ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಕೇಳಿದ, ‘ಸಾರ್, ಎಕ್ಸೆಲ್ ಶೀಟ್ ತುಂಬೋಕೆ ನೇಪಾಳಕ್ಕೆ ಹೋಗ್ಬೇಕಾ?’

‘ಹೂಂ ಕಣೋ’ ಅಂದೆ. ಗೊಣಗುತ್ತಲೇ ಹೆಸರು ಕೊಟ್ಟ. ವೋಟರ್ ಐಡಿಗೆ ಅರ್ಜಿ ಹಾಕಿದ್ದಾನೆ, ಇನ್ನೂ ಬಂದಿಲ್ಲ.