ಹಳೇ ತೈಲಚಿತ್ರಕ್ಕೆ ಒದ್ದೆ ಬಟ್ಟೆ ಬೇಡ

ಮಾಸಿದ ತೈಲಚಿತ್ರ ಕೈಗೆ ಬಂದಾಗ ನಾನು ಮೊದಲು ಹುಡುಕಿದ್ದೇ ಒದ್ದೆ ಬಟ್ಟೆ. ಚಿತ್ರದಲ್ಲಿ ದಡಕ್ಕೆ ಕಟ್ಟಿದ ದೋಣಿಯೊಂದಿತ್ತು. ನಾಲ್ಕು ಸಲ ಒರೆಸುವಷ್ಟರಲ್ಲಿ ಹಗ್ಗ ಮಾಯ! ಇಂಥ ಸಣ್ಣ ಗೆರೆಗಳನ್ನು ಸಾಮಾನ್ಯವಾಗಿ ಕೊನೆಗೆ, ತೆಳುವಾಗಿ ಎಳೆದಿರುತ್ತಾರೆ. ಮೊದಲು ಹೋಗುವುದೂ ಅವೇ.

ಈಗ ಮೊದಲು ಟಾರ್ಚ್ ಹಿಡಿಯುತ್ತೇನೆ. ಕೋಣೆ ಕತ್ತಲು ಮಾಡಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಹಕ್ಕಳೆಯಂತೆ ಎದ್ದ ಬಣ್ಣ ನೆರಳು ಸಮೇತ ಕಾಣುತ್ತದೆ. ಹಾಗೆ ಕಂಡರೆ ಬ್ರಷ್ ಕೂಡ ಮುಟ್ಟಿಸಬೇಡಿ. ಉದುರಿದ ಚೂರುಗಳನ್ನು ಲಕೋಟೆಯಲ್ಲಿಟ್ಟು, ಚಿತ್ರವನ್ನು ಮುಖ ಮೇಲಾಗಿ ಮಲಗಿಸಿ, ಸಂರಕ್ಷಣಾ ತಜ್ಞರನ್ನು ಕರೆಯಿರಿ.

ಬಣ್ಣ ಗಟ್ಟಿಯಿದ್ದರೆ ಧೂಳು ತೆಗೆಯಬಹುದು. ಚಿತ್ರವನ್ನು ತುಸು ಮುಂದಕ್ಕೆ ಬಾಗಿಸಿ ಹಿಡಿದು, ಒಣಗಿದ ಮೆತ್ತನೆ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಸವರಿ. ಬ್ರಷ್‌ನ ಲೋಹದ ಪಟ್ಟಿಗೆ ಟೇಪ್ ಸುತ್ತಿದರೆ ಗೀರು ಬೀಳುವುದಿಲ್ಲ. ಹಿಂಬದಿಯನ್ನೂ ನೋಡಿ. ಕ್ಯಾನ್ವಾಸಿಗೂ ಕೆಳಗಿನ ಮರದ ಪಟ್ಟಿಗೂ ನಡುವೆ ಕಸ, ಚೌಕಟ್ಟಿನ ಮೂಲೆಯಿಂದ ಕಳಚಿ ಬಿದ್ದ ಮರದ ಬೆಣೆ ಸಿಕ್ಕಿಕೊಂಡು ಮುಂದೆ ಉಬ್ಬಿರಬಹುದು.

ಮುಂದಿನದನ್ನು ಕೇಳಿ ನಗಬೇಡಿ: ಎಂಜಲು. ತಜ್ಞರೂ ಬಳಸುತ್ತಾರೆ. ಜೊಲ್ಲಿನಲ್ಲಿರುವ ಅಮೈಲೇಸ್‌ನಂಥ ಕಿಣ್ವಗಳು ಜಿಡ್ಡುಕೊಳೆ ಸಡಿಲಿಸುತ್ತವೆ. ಮೇಲೆ ವಾರ್ನಿಷ್ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಕಡ್ಡಿಗೆ ಹತ್ತಿ ಸುತ್ತಿ, ಹದವಾಗಿ ತೇವ ಮಾಡಿ, ಫ್ರೇಮಿನಡಿ ಮುಚ್ಚಿಹೋಗುವ ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಹೊರಳಿಸಿ. ಉಜ್ಜಬೇಡಿ, ಹೊರಳಿಸಿ. ಹತ್ತಿ ಬೂದು ಬಣ್ಣಕ್ಕೆ ತಿರುಗಿದರೆ ಕೊಳೆ. ನೀಲಿಯೋ ಕೆಂಪೋ ಬಂದರೆ ಅಲ್ಲಿಗೇ ನಿಲ್ಲಿಸಿ. ಪ್ರತಿ ಸಲ ಹೊಸ ಹತ್ತಿ ಬೇಕು, ಬಳಸಿದ್ದು ಬಾಯಿಗೆ ವಾಪಸ್ ಹೋಗಕೂಡದು. ಹಳೇ ಬಿಳಿ ಬಣ್ಣದಲ್ಲಿ ಸೀಸ ಇರಬಹುದು. ನೀರಾಗಿ ತೊಟ್ಟಿಕ್ಕುವಷ್ಟು ತೇವವೂ ಬೇಡ. ಬಿರುಕಿನೊಳಗೆ ಇಳಿದರೆ ಬಣ್ಣದ ಕೆಳಗೆ ಕ್ಯಾನ್ವಾಸಿಗೆ ಬಳಿದ ಅಂಟು ಉಬ್ಬಿ ಬಣ್ಣ ಏಳಬಹುದು.

ಆಲೂಗಡ್ಡೆ, ಬ್ರೆಡ್ ಉಜ್ಜುವ ಸಲಹೆ ಕೇಳಿರುತ್ತೀರಿ, ಅಲ್ವಾ? ಉಳಿದ ಚೂರು ಹುಳ, ಬೂಷ್ಟಿಗೆ ಊಟ. ಅಗಸೆ ಎಣ್ಣೆ ಸವರಿದರೆ ಮೊದಲು ಮಿರಮಿರ ಅನ್ನುತ್ತದೆ, ವರ್ಷಗಳು ಕಳೆದಂತೆ ಕಪ್ಪಾಗುತ್ತದೆ.

ಹಳದಿಯಾದ ವಾರ್ನಿಷ್ ತೆಗೆಯುವುದು ಮನೆ ಕೆಲಸವೇ ಅಲ್ಲ. ಅದನ್ನು ಕರಗಿಸುವ ದ್ರಾವಕ ಕೆಳಗಿನ ಬಣ್ಣವನ್ನೂ ಕರಗಿಸಬಹುದು. ನನ್ನ ದೋಣಿಯ ಮೇಲಿನ ಆಕಾಶ ಇನ್ನೂ ಚಹಾದ ಬಣ್ಣದಲ್ಲಿದೆ. ಇರಲಿ ಬಿಡಿ, ಹಗ್ಗ ಹೋದದ್ದೇ ಸಾಕು.