ಅಡ್ಮಿಷನ್ ಒಬ್ಬರಿಗೆ, ಹೊರಟವರು ಇಬ್ಬರು: ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೊಸ ಜೋಡಿಗಳಿಗೆ

ಪಿಡಿಎ ಕಾಲೇಜಿನಲ್ಲೋ ಬೀದರಿನ ಗುರುನಾನಕ್ ಕಾಲೇಜಿನಲ್ಲೋ ಬಿಇ, ಒಂದೆರಡು ವರ್ಷ ಹೈದರಾಬಾದಿನಲ್ಲಿ ಕೆಲಸ, ಮೇ ತಿಂಗಳಲ್ಲಿ ಮದುವೆ, ಆಗಸ್ಟಿನಲ್ಲಿ ಅಮೆರಿಕ. ನಮ್ಮ ಕಡೆಯ ಇಂಥ ಜೋಡಿಗಳು ಈಗ ಪ್ರತಿ ವರ್ಷ ಬರುತ್ತಿದ್ದಾರೆ. ನಾನು ಕಲಬುರಗಿಯ ಬ್ರಹ್ಮಪುರದವಳು. ಗಂಡನ ಓದಿಗೆಂದು ವಿದ್ಯಾರ್ಥಿಯ ಸಂಗಾತಿಗೆ ಕೊಡುವ ಎಫ್-2 ವೀಸಾದ ಮೇಲೆ ಇಲಿನಾಯ್ ರಾಜ್ಯದ ಅರ್ಬಾನಾಕ್ಕೆ ಬಂದೆ. ಆಮೇಲೆ ಇಲ್ಲೇ ಓದಿ, ಇಲ್ಲೇ ಕೆಲಸಕ್ಕೆ ಸೇರಿದೆ. ಹೊಸಬರು ಊರಿಂದ ಫೋನ್ ಮಾಡಿದಾಗ ಹೇಳುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಫೋನ್ ಮಾಡಿದವರೆಲ್ಲ ಕೇಳುವುದು ಓದುವವರ ಬಗ್ಗೆ. ಯಾವ ಕೋರ್ಸ್ ತೆಗೆದುಕೊಳ್ಳಬೇಕು, ಪ್ರೊಫೆಸರ್ ಹೇಗೆ, ಫೀಸು ಯಾವಾಗ ಕಟ್ಟಬೇಕು. ಓದುವವರನ್ನು ವಿಶ್ವವಿದ್ಯಾಲಯವೇ ನೋಡಿಕೊಳ್ಳುತ್ತದೆ. ಅವರಿಗೆ ಓರಿಯೆಂಟೇಶನ್ ಇದೆ, ಲ್ಯಾಬ್ ಇದೆ, ವಾರದೊಳಗೆ ಗೆಳೆಯರೂ ಆಗುತ್ತಾರೆ. ಜೊತೆಗೆ ಬಂದವರಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವೇ ಇರುವುದಿಲ್ಲ. ಅದಕ್ಕೇ ಟಿಕೆಟ್ ಬುಕ್ ಮಾಡುವ ಮೊದಲು ಇಬ್ಬರೂ ಕೂತು ಒಂದು ವಿಷಯ ಮಾತಾಡಿ. ಅಡ್ಮಿಷನ್ ಇಲ್ಲದವರು ಸೋಮವಾರದಿಂದ ಶುಕ್ರವಾರದವರೆಗೆ ಏನು ಮಾಡುತ್ತಾರೆ?

ನಿಯಮ ಮೊದಲು ತಿಳಿದಿರಲಿ. ಎಫ್-2 ಮೇಲೆ ಬಂದವರು ಸಂಬಳದ ಕೆಲಸ ಮಾಡುವಂತಿಲ್ಲ. ಕ್ಯಾಂಪಸ್ಸಿನಲ್ಲೂ ಇಲ್ಲ, ಹೊರಗೂ ಇಲ್ಲ. ಊರಿನ ಕಂಪನಿಗೆ ಇಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರಾಯಿತು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳದೆ ಅದಕ್ಕೆ ಕೈ ಹಾಕಬೇಡಿ. ಆದರೆ ಓದಬಹುದು. 2015ರಿಂದ ಎಫ್-2 ಇರುವವರೂ ಮಾನ್ಯತೆ ಇರುವ ಕಾಲೇಜಿನಲ್ಲಿ ಪಾರ್ಟ್-ಟೈಮ್ ಓದಬಹುದು. ಪೂರ್ಣಾವಧಿ ಡಿಗ್ರಿ ಬೇಕೆಂದರೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು, ಆ ಅರ್ಜಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಓದುವವರು ವಿನಿಮಯ ಕಾರ್ಯಕ್ರಮದ ಜೆ-1 ವೀಸಾದ ಮೇಲೆ ಬರುತ್ತಿದ್ದರೆ ಲೆಕ್ಕ ಬೇರೆ. ಅವರ ಸಂಗಾತಿಗೆ ಸಿಗುವ ಜೆ-2 ಇರುವವರು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು.

ಈಗ ಕಾಗದ ಪತ್ರ. ಓದುವವರ ಟ್ರಾನ್ಸ್‌ಕ್ರಿಪ್ಟ್ ಎಲ್ಲರೂ ತರುತ್ತಾರೆ. ಜೊತೆಗೆ ಬರುವವರದೂ ತನ್ನಿ! ವಿಟಿಯು ಆಗಲಿ, ಗುಲಬರ್ಗಾ ವಿಶ್ವವಿದ್ಯಾಲಯ ಆಗಲಿ, ಸೀಲ್ ಮಾಡಿದ ಲಕೋಟೆಯಲ್ಲಿ ಎರಡು ಮೂರು ಪ್ರತಿ ಇರಲಿ. ಇಲ್ಲಿಗೆ ಬಂದ ಮೇಲೆ ಅವನ್ನು ತರಿಸಲು ಊರಲ್ಲಿ ಯಾರನ್ನಾದರೂ ಬೆಳಗಾವಿಗೆ ಓಡಾಡಿಸಬೇಕಾಗಬಹುದು. ಮದುವೆ ನೋಂದಣಿಯನ್ನು ಮದುವೆಯಾದ ವಾರದಲ್ಲೇ ಮುಗಿಸಿ. ಲಗ್ನಪತ್ರಿಕೆ, ಫೋಟೋ ಮಾತ್ರ ಇಟ್ಟುಕೊಂಡು ವೀಸಾಕ್ಕೆ ಹೋಗಬೇಡಿ.

ಹೆಸರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುತ್ತದೆ, ಅಡ್ಡಹೆಸರಿನ ಜಾಗ ಖಾಲಿ. ಆಗ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಅಡ್ಡಹೆಸರಾಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಆಮೇಲೆ ಬ್ಯಾಂಕ್ ಕಾರ್ಡಿನಿಂದ ಹಿಡಿದು ಲೈಸೆನ್ಸಿನವರೆಗೆ ಅದೇ ಹಿಂಬಾಲಿಸುತ್ತದೆ. ಪಾಸ್‌ಪೋರ್ಟನ್ನು ಊರಲ್ಲೇ ಸರಿ ಮಾಡಿಸಿ. ವೀಸಾ ಸಂದರ್ಶನಕ್ಕೆ ನಮ್ಮ ಮೂರೂ ಜಿಲ್ಲೆಯವರಿಗೆ ಹೈದರಾಬಾದ್ ಹತ್ತಿರ. ಕಾನ್ಸುಲೇಟ್ ಈಗ ನಾನಕ್‌ರಾಮ್‌ಗುಡದಲ್ಲಿದೆ, 2023ರಿಂದ ಬೇಗಂಪೇಟೆಯಲ್ಲಿಲ್ಲ.

371ಜೆ ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ಸಿಕ್ಕವರಿಗೆ ಒಂದು ಮಾತು. ಮನೆಯವರ ಅವಸರಕ್ಕೆ ರಾಜೀನಾಮೆ ಬರೆದುಕೊಡಬೇಡಿ. ರಜೆಯ ಮೇಲೆ ಬರಲು ಅವಕಾಶ ಇದೆಯೇ ಅಂತ ಮೊದಲು ಇಲಾಖೆಗೆ ಪತ್ರ ಬರೆದು ಕೇಳಿ.

'ಅವನು ಹೋಗಿ ಸೆಟ್ಲ್ ಆಗಲಿ, ಸಂಕ್ರಾಂತಿ ಮುಗಿಸಿ ಸೊಸೆಯನ್ನು ಕಳಿಸೋಣ' ಅಂತ ಹಿರಿಯರು ಹೇಳುತ್ತಾರೆ. ನನ್ನನ್ನು ಕೇಳಿದರೆ, ಸಾಧ್ಯವಾದರೆ ಆಗಸ್ಟಿನಲ್ಲಿ ಇಬ್ಬರೂ ಒಟ್ಟಿಗೆ ಬನ್ನಿ. ಜನವರಿಯಲ್ಲಿ ಇಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಬೀದಿಯಲ್ಲಿ ಮನುಷ್ಯರೇ ಕಾಣುವುದಿಲ್ಲ. ಕಲಬುರಗಿಯ ಬಿಸಿಲಿನಿಂದ ನೇರ ಇಲ್ಲಿಗೆ ಬಂದು ಇಳಿದವರು ಮಾರ್ಚ್ ತನಕ ಮನೆಯೊಳಗೇ ಉಳಿದುಬಿಡುತ್ತಾರೆ. ಆಗಸ್ಟಿನಲ್ಲಿ ಬಂದರೆ ಎಲ್ಲರೂ ಹೊಸಬರೇ. ಪಕ್ಕದ ಮನೆಯವರೂ ಅದೇ ವಾರ ಸಾಮಾನು ಇಳಿಸುತ್ತಿರುತ್ತಾರೆ. ಬಸ್ಸು ಕಲಿಯಬಹುದು, ಲೈಬ್ರರಿ ಕಾರ್ಡ್ ಮಾಡಿಸಬಹುದು.

ಮನೆ ಹುಡುಕುವಾಗ ಮೊದಲು ವಿಶ್ವವಿದ್ಯಾಲಯದ ಫ್ಯಾಮಿಲಿ ಹೌಸಿಂಗ್ ನೋಡಿ. ನಮ್ಮಲ್ಲಿ ಅದು ಆರ್ಚರ್ಡ್ ಡೌನ್ಸ್. ಬಾಡಿಗೆ ಸ್ವಲ್ಪ ಹೆಚ್ಚು ಕಂಡರೂ ಅಲ್ಲಿರುವವರೆಲ್ಲ ನಿಮ್ಮ ಹಾಗೆಯೇ ಓದಲು ಬಂದ ಸಂಸಾರಗಳು. ಹಗಲಿನಲ್ಲಿ ಮಾತಿಗೆ ಜನ ಸಿಗುತ್ತಾರೆ, ಆ ಒಂದು ಕಾರಣಕ್ಕೆ ಬಾಡಿಗೆ ಕೊಡಬಹುದು. ನಮ್ಮ ಕಡೆಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ಹಿಂದಿ, ಉರ್ದು, ತೆಲುಗು, ಮರಾಠಿ ಇವುಗಳಲ್ಲಿ ಎರಡಾದರೂ ನಮಗೆ ಬರುತ್ತವೆ, ಅಲ್ವಾ? ತೆಲಂಗಾಣದವರು, ಪುಣೆಯವರು, ಲಾಹೋರಿನವರು, ಎಲ್ಲರ ಮನೆ ಬಾಗಿಲೂ ತೆರೆಯುತ್ತದೆ. ಸಂಕೋಚ ಬೇಡ, ಹೋಗಿ ಮಾತಾಡಿಸಿ. ಕಮ್ಯುನಿಟಿ ಗಾರ್ಡನ್ನಿನಲ್ಲಿ ಜಾಗ ಸಿಕ್ಕರೆ ಬಿಡಬೇಡಿ. ಪುಂಡಿ ಪಲ್ಲೆ ಇಲ್ಲಿನ ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತದೆ. ಬೀಜ ಮಾತ್ರ ಊರಿಂದ ತರಬೇಡಿ, ಕಸ್ಟಮ್ಸ್‌ನವರು ಬಿಡುವುದಿಲ್ಲ. ತೆಲುಗರು ಪುಂಡಿಯನ್ನೇ ಗೋಂಗೂರ ಅನ್ನುತ್ತಾರೆ, ಅವರ ಮನೆಯಲ್ಲಿ ಬೀಜ ಇದ್ದೇ ಇರುತ್ತದೆ. ಶೇಂಗಾ ಹಿಂಡಿ, ಕಡಕ್ ರೊಟ್ಟಿ ಧಾರಾಳವಾಗಿ ತನ್ನಿ, ತಿನ್ನುವ ಸಾಮಾನು ಇದೆ ಅಂತ ಕಸ್ಟಮ್ಸ್‌ನಲ್ಲಿ ತಪ್ಪದೆ ಹೇಳಿ.

ಬಿಸಿ ರೊಟ್ಟಿಯ ಆಸೆಯನ್ನೂ ಬಿಡಬೇಕಿಲ್ಲ. ಇಲ್ಲಿನ ಒಲೆ ಕರೆಂಟಿನದು, ಉರಿ ಇರುವುದಿಲ್ಲ. ಅಂಗಡಿಯ ಜೋಳದ ಹಿಟ್ಟು ಹಳೆಯದಾಗಿರುತ್ತದೆ, ತಟ್ಟುವಾಗ ಅಂಚು ಬಿರಿಯುತ್ತದೆ. ಕೊತಕೊತ ಕುದಿಯುವ ನೀರು ಹಾಕಿ, ಮುಚ್ಚಿಟ್ಟು, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಹೆಂಚಿನ ಮೇಲೆ ಎರಡೂ ಕಡೆ ಬೇಯಿಸಿ, ಕೊನೆಗೆ ಕೆಂಪಾದ ಕಾಯಿಲ್ ಮೇಲೆ ತಂತಿ ಜಾಲರಿ ಇಟ್ಟು ಅದರ ಮೇಲೆ ಹಾಕಿ. ಉಬ್ಬುತ್ತದೆ. ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ, ಇಲ್ಲದಿದ್ದರೆ ಹೊಗೆಯ ಅಲಾರಂ ಇಡೀ ಬಿಲ್ಡಿಂಗಿಗೆ ಕೇಳಿಸುತ್ತದೆ. ಇದನ್ನು ಗಂಡಸರೂ ಕಲಿತು ಬರಲಿ ಅಂತ ನನ್ನ ಕಳಕಳಿಯ ವಿನಂತಿ. ಮನೆಯಲ್ಲಿ ಇರುತ್ತಾಳಲ್ಲ ಅಂತ ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಒಬ್ಬರ ತಲೆಗೆ ಕಟ್ಟಿದರೆ ಆಕೆಯ ಓದು ಶುರುವಾಗುವುದೇ ಇಲ್ಲ.

ದುಡ್ಡಿನ ವಿಷಯ. ಪಿಎಚ್‌ಡಿಗೆ ಬಂದವರಿಗೆ ಸಾಮಾನ್ಯವಾಗಿ ಫೀಸು ಮಾಫಿ ಆಗಿ ಸ್ಟೈಪೆಂಡ್ ಬರುತ್ತದೆ. ಎಂಎಸ್‌ನವರು ಹೆಚ್ಚಾಗಿ ಸಾಲ ಮಾಡಿ ಬರುತ್ತಾರೆ, ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಸಂಗಾತಿಯ ಆರೋಗ್ಯ ವಿಮೆ ದುಬಾರಿ, ಹೆಸರು ಸೇರಿಸಲು ಕೊನೆಯ ದಿನಾಂಕವೂ ಇರುತ್ತದೆ. ಹಲ್ಲು, ಕನ್ನಡಕ ಊರಲ್ಲೇ ಮುಗಿಸಿ. ಬ್ಯಾಂಕ್ ಖಾತೆ ಜಂಟಿಯಾಗಿರಲಿ, ಬಾಡಿಗೆ ಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಹತ್ತು ಡಾಲರ್ ಖರ್ಚಿಗೂ ಕೇಳಬೇಕಾದ ಸ್ಥಿತಿ ಬಂದರೆ ಯಾರಿಗಾದರೂ ಮನಸ್ಸು ಮುದುಡುತ್ತದೆ.

ಅಕ್ಟೋಬರ್ ಕಷ್ಟದ ತಿಂಗಳು. ಮಿಡ್‌ಟರ್ಮ್ ಪರೀಕ್ಷೆ, ಪ್ರಾಜೆಕ್ಟ್, ಎಲ್ಲ ಒಟ್ಟಿಗೆ ಬೀಳುತ್ತವೆ. ಒಬ್ಬರು ರಾತ್ರಿ ಹನ್ನೊಂದಕ್ಕೆ ಲ್ಯಾಬಿನಿಂದ ಬಂದರೆ ಇನ್ನೊಬ್ಬರು ಬೆಳಿಗ್ಗೆಯಿಂದ ಯಾರ ಜೊತೆಗೂ ಮಾತಾಡಿರುವುದಿಲ್ಲ. ಒಬ್ಬರಿಗೆ ನಿದ್ದೆ ಬೇಕು, ಇನ್ನೊಬ್ಬರಿಗೆ ಮಾತು. ಇಲ್ಲಿನ ಹೆಚ್ಚಿನ ಜಗಳ ಹುಟ್ಟುವುದು ಹೀಗೆ. ದಿನಕ್ಕೆ ಒಂದು ಹೊತ್ತಾದರೂ, ಲ್ಯಾಪ್‌ಟಾಪ್ ಮುಚ್ಚಿ, ಒಟ್ಟಿಗೆ ಉಣ್ಣಿ. ವಿದ್ಯಾರ್ಥಿಗಳಿಗೆ ಕೌನ್ಸೆಲಿಂಗ್ ಸೆಂಟರ್ ಇದೆ, ಹೋಗಲು ನಾಚಿಕೆ ಬೇಡ.

ಊರಿನ ಫೋನ್ ಇನ್ನೊಂದು ವಿಷಯ. ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅವ್ವನಿಗೆ ಬೆಳಗಿನ ಚಹಾ ಹೊತ್ತು, ನಿಮಗೆ ಹೋಮ್‌ವರ್ಕ್ ಹೊತ್ತು. ವಾರಕ್ಕೆರಡು ದಿನ ಅಂತ ಸಮಯ ಗೊತ್ತುಮಾಡಿ. 'ಏನಾದರೂ ಗುಡ್ ನ್ಯೂಸ್ ಇದೆಯಾ' ಅಂತ ಆರು ತಿಂಗಳಿಗೆಲ್ಲ ಕೇಳಲು ಶುರು ಮಾಡುತ್ತಾರೆ. ಆ ಪ್ರಶ್ನೆಗೆ ಮಗನೇ ಉತ್ತರ ಕೊಡಲಿ. ಓದು ಮುಗಿಯಲಿ ಅಂತ ಅವನು ಹೇಳಿದರೆ ಕೇಳುತ್ತಾರೆ, ಸೊಸೆ ಹೇಳಿದರೆ ಅದೇ ದೊಡ್ಡ ಮಾತಾಗುತ್ತದೆ.

ಡಿಗ್ರಿ ಮುಗಿದ ಮೇಲೆ ಓದಿದವರಿಗೆ ಒಪಿಟಿ ಎಂಬ ಕೆಲಸದ ತರಬೇತಿ ಪರವಾನಗಿಯಲ್ಲಿ 12 ತಿಂಗಳು, ವಿಜ್ಞಾನ, ಎಂಜಿನಿಯರಿಂಗ್ ಆದರೆ ಇನ್ನೂ 24 ತಿಂಗಳು ಕೆಲಸಕ್ಕೆ ಅವಕಾಶ ಇದೆ. ಅಷ್ಟೂ ದಿನ ಎಫ್-2 ಇರುವವರು ದುಡಿಯುವಂತಿಲ್ಲ. ಅದಕ್ಕೇ ಜೊತೆಗೆ ಬಂದವರ ಓದಿನ ತಯಾರಿ ಮೊದಲ ವರ್ಷವೇ ಶುರುವಾಗಲಿ. ಮೊದಲ ಸೆಮಿಸ್ಟರಿನಲ್ಲಿ ಪಾರ್ಕ್‌ಲ್ಯಾಂಡ್‌ನಂಥ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಕೋರ್ಸ್ ಸಾಕು. ಮುಂದಿನ ಆಗಸ್ಟಿನ ಅಡ್ಮಿಷನ್‌ಗೆ ಹೆಚ್ಚಿನ ಕಡೆ ಡಿಸೆಂಬರ್, ಜನವರಿಯೊಳಗೆ ಅರ್ಜಿ ಹಾಕಬೇಕು. ಶಿಫಾರಸು ಪತ್ರಕ್ಕೆ ಊರಿನ ಹಳೆಯ ಮೇಷ್ಟ್ರಿಗೆ ಸೆಪ್ಟೆಂಬರಿನಲ್ಲೇ ಫೋನ್ ಮಾಡಿ. ಆನ್‌ಲೈನ್ ಫಾರ್ಮ್ ತುಂಬುವುದು ಅವರಿಗೆ ಹೊಸದಾಗಿರಬಹುದು, ಪಕ್ಕದಲ್ಲಿ ಕೂತು ತುಂಬಿಸಲು ತಮ್ಮನನ್ನೋ ತಂಗಿಯನ್ನೋ ಕಳಿಸಿ.